ಅಕ್ಕನ ಕಂಪ್ಯೂಟರೂ ತಿರುಪುಳಿಯ ಕೈಯೂ

ಅವನಿಗೆ ತಿರುಪುಳಿ ಅಂತ ಹೆಸರಿಟ್ಟವರು ಯಾರು ಅನ್ನುವ ವಿಚಾರದಲ್ಲಿ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ದೊಡ್ಡಕ್ಕ ತಾನು ಅನ್ನುತ್ತಾಳೆ, ಹೆಂಡತಿ ತಾನು ಅನ್ನುತ್ತಾಳೆ. ಯಾರಿಟ್ಟರೂ ತಪ್ಪೇನಿಲ್ಲ ಬಿಡಿ. ಉಳಿದವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನಿಗೆ ಬೇರೆ ಯಾವ ಹೆಸರು ಒಪ್ಪೀತು? ಕೆಲಸ ಲಿಫ್ಟ್ ಮೆಕ್ಯಾನಿಕ್‌ನದು. ಕೆಟ್ಟಿದ್ದನ್ನು ಸರಿಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೊಂದರೆ ಇದ್ದದ್ದೆಲ್ಲ ಸರಿಯಾಗಿರುವ ವಸ್ತುಗಳ ಹತ್ತಿರ.

ಸರಿಯಾಗಿರುವುದನ್ನು ಕಂಡರೆ ಅವನ ಕೈ ತುರಿಸುತ್ತಿತ್ತು. ಸದ್ದು ಸ್ವಲ್ಪ ಕಡಿಮೆ ಮಾಡುತ್ತೇನೆ ಅಂತ ಬಿಚ್ಚಿದ ಮಿಕ್ಸರ್ ಆಮೇಲೆ ಸದ್ದೇ ಮಾಡಲಿಲ್ಲ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆದರೆ ಅನುಕೂಲ ಅಂತ ಅದನ್ನು ತಿರುಗಿಸಿದ. ಆ ಬಾಗಿಲು ಈಗ ಅಡುಗೆಮನೆಯ ಬಾಗಿಲಿಗೆ ದಿನವೂ ಡಿಕ್ಕಿ ಹೊಡೆಯುತ್ತದೆ. ಹೆಂಡತಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಒಂದು ತರಗತಿಯ ತುಂಬ ಚಿಳ್ಳೆಪಿಳ್ಳೆಗಳನ್ನು ಸುಧಾರಿಸಿ ಬರುವ ಆಕೆಗೂ ಮನೆಯ ಈ ಒಂದು ಮಗುವನ್ನು ಸುಧಾರಿಸಲು ಆಗಿರಲಿಲ್ಲ. "ಇವ್ರು ಸುಮ್ನೆ ಕೂತಿದ್ದನ್ನ ನಾನು ನೋಡಿರೋದು ಮದುವೆ ಫೋಟೋದಲ್ಲಿ ಮಾತ್ರ. ಅದ್ರಲ್ಲೂ ಕೈ ಅಲ್ಲಾಡಿಬಿಟ್ಟಿದೆ" ಅನ್ನುತ್ತಿದ್ದಳು. ಫೋಟೋ ಗೋಡೆಯ ಮೇಲಿದೆ, ಬೇಕಾದವರು ನೋಡಬಹುದು. ಬಲಗೈ ಇರಬೇಕಾದ ಕಡೆ ಮಸುಕು.

ಆ ಕೈ ತೆಪ್ಪಗಿರುತ್ತಿದ್ದ ಜಾಗ ಲೋಕದಲ್ಲಿ ಒಂದೇ ಇತ್ತು. ಅದು ದೊಡ್ಡಕ್ಕನ ಮನೆ.

ದೊಡ್ಡಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ವಯಸ್ಸಿಗೆ ಬಂದ ಮೇಲೆ ನರ ಸೋತು ಸೋತು ಕೊನೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವಷ್ಟು ಮಾತ್ರ ಉಳಿದಿತ್ತು. ತಮ್ಮನ ಮನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ, ಒಲೆಯಿಂದ ಮೇಜಿಗೆ ಅವಳು ನಡೆಯುವ ವೇಗ ನೋಡಿದರೆ ಹೊಸಬರಿಗೆ ಅನುಮಾನ ಬರುತ್ತಿತ್ತು. ಗುಟ್ಟೇನೂ ಇರಲಿಲ್ಲ. ಅಲ್ಲಿ ಯಾವುದೂ ಇದ್ದ ಜಾಗದಿಂದ ಕದಲುತ್ತಿರಲಿಲ್ಲ, ಅಷ್ಟೆ. ಲೋಟ ಲೋಟದ ಜಾಗದಲ್ಲಿ, ಕುರ್ಚಿ ಕುರ್ಚಿಯ ಜಾಗದಲ್ಲಿ. ಈ ವಿಷಯದಲ್ಲಿ ತಿರುಪುಳಿ ಅಕ್ಕನಿಗಿಂತ ಕಟ್ಟುನಿಟ್ಟು. ಒಮ್ಮೆ ಮೀಟರ್ ನೋಡಲು ಬಂದವನು ಸ್ಟೂಲ್ ಸರಿಸಿ ಅಲ್ಲೇ ಬಿಟ್ಟು ಹೋದದ್ದಕ್ಕೆ ಬೀದಿಯ ಕೊನೆಯವರೆಗೂ ಓಡಿ, ಅವನನ್ನು ಕರೆತಂದು, ಅವನ ಕೈಯಿಂದಲೇ ಸ್ಟೂಲನ್ನು ಹಳೆಯ ಜಾಗದಲ್ಲಿ ಇಡಿಸಿದ್ದ.

ದೊಡ್ಡಕ್ಕ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಯಾವ ಡಾಕ್ಟರು ಯಾವ ವಾರ್ಡಿನಲ್ಲಿದ್ದಾರೆ, ಯಾರು ಫೋನ್ ಎತ್ತುತ್ತಾರೆ, ಯಾರು ಎತ್ತಿ ಬೈಯುತ್ತಾರೆ ಎಲ್ಲ ಅವಳಿಗೆ ಬಾಯಿಪಾಠ. ಆಮೇಲೆ ಅಲ್ಲಿಗೆ ಒಂದು ಒತ್ತಿ, ಎರಡು ಒತ್ತಿ ಅನ್ನುವ ಯಂತ್ರ ಬಂತು, ಅಕ್ಕ ಮನೆಗೆ ಬಂದಳು. ಬೇರೆ ಊರಿನಲ್ಲಿದ್ದ ಚಿಕ್ಕಕ್ಕ ವಾರಕ್ಕೊಮ್ಮೆ ಫೋನ್ ಮಾಡಿ, "ನಮ್ಮನೇಗೆ ಬಂದ್ಬಿಡೇ, ಒಂದು ರೂಮು ಖಾಲಿ ಇದೆ. ಕೂತ್ಕೊಂಡು ಊಟ ಮಾಡ್ಕೊಂಡಿರು" ಅನ್ನತೊಡಗಿದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫೋನ್ ಇಟ್ಟ ಮೇಲೆ ದೊಡ್ಡಕ್ಕ ಅರ್ಧ ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ತಮ್ಮನಿಗೆ ಒಮ್ಮೆ ಹೇಳಿದಳು: "ನನ್ನ ಬಾಗಿಲಿನ ಬೀಗದ ಕೈ ನನ್ನ ಹತ್ರಾನೇ ಇರ್ಬೇಕು ಕಣೋ. ಇನ್ನೊಬ್ರ ಮನೇಲಿ ಕೂತ್ಕೊಂಡ್ರೆ ನಾನು ನಿಜವಾಗ್ಲೂ ಕುರುಡಿ ಆಗ್ತೀನಿ."

ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ಹುಡುಕಿ ಹುಡುಕಿ ಒಂದು ದಾರಿಯನ್ನು ಅಕ್ಕನೇ ಕಂಡುಕೊಂಡಳು. ಡಾಕ್ಟರುಗಳು ರೋಗಿಗಳ ವಿವರವನ್ನು ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿಡುತ್ತಾರೆ. ಅದನ್ನು ಕೇಳಿ ಟೈಪ್ ಮಾಡಿಕೊಡುವ ಏಜೆನ್ಸಿ ಒಂದಿತ್ತು. ಮನೆಯಲ್ಲೇ ಕೂತು ಮಾಡುವ ಕೆಲಸ. ಡಾಕ್ಟರುಗಳ ಗೊಣಗಾಟ ಅಕ್ಕನಿಗೆ ಹೊಸದಲ್ಲ, ಟೈಪಿಂಗ್ ಅಂತೂ ಕಣ್ಣಿದ್ದಾಗಲೇ ಕಲಿತದ್ದು. ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಸಾಕು. ಆದರೆ ಅವಳ ಹಳೆಯ ಕಂಪ್ಯೂಟರ್ ಅದೇ ಹೊತ್ತಿಗೆ ಕೈಕೊಟ್ಟಿತು. ಆನ್ ಮಾಡಿದರೆ ಏಳುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಲೋಟ ತೊಳೆದಿಡಬಹುದಿತ್ತು.

"ನಾನಿಲ್ವಾ?" ಅಂದ ತಿರುಪುಳಿ.

ಇದ್ದ, ಅದೇ ಪ್ರಾಬ್ಲಮ್ಮು.

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶದ ಬಗ್ಗೆ ಅವನು ಕೇಳಿದ್ದ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತದೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ವ್ಯವಸ್ಥೆ ಅದರಲ್ಲೇ ಇದೆ. ಅದೆಲ್ಲಕ್ಕಿಂತ ಅವನನ್ನು ಸೆಳೆದದ್ದು ಇನ್ನೊಂದು ವಿಷಯ: ಅದರ ಒಳಗನ್ನೆಲ್ಲ ಬಿಚ್ಚಿಟ್ಟಿದ್ದಾರೆ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ ಅನ್ನುತ್ತಾರೆ. ಜೀವನವಿಡೀ "ಮುಟ್ಟಬೇಡಿ" ಅನ್ನಿಸಿಕೊಂಡು ಬಂದವನಿಗೆ ಮೊದಲ ಸಲ ಯಾರೋ "ಮುಟ್ಟಿ" ಅಂದಿದ್ದರು.

ಒಂದು ಭಾನುವಾರ ಪೆನ್ ಡ್ರೈವ್ ಹಿಡಿದುಕೊಂಡು ಬಂದ. ಅಕ್ಕನ ಕಡತಗಳನ್ನೆಲ್ಲ ಬೇರೆ ಕಡೆ ಜೋಪಾನ ಮಾಡಿ, ಹಳೆಯದನ್ನು ಒರೆಸಿ, ಹೊಸದನ್ನು ಕೂರಿಸಿದ. ಎಷ್ಟಾದರೂ ಲಿಫ್ಟಿನವನು, ಕೆಲಸ ಅಚ್ಚುಕಟ್ಟು. ಯಂತ್ರ ಎದ್ದು ಮಾತಾಡತೊಡಗಿದಾಗ ಅಕ್ಕ ತಲೆ ವಾಲಿಸಿ ಕೇಳಿದಳು. ಅದರ ದನಿ ಮೂಗಿನಿಂದ ಬರುತ್ತಿತ್ತು.

"ಪಾಪ, ನೆಗಡಿ ಆಗಿದೆ ಅದಕ್ಕೆ" ಅಂದಳು.

ಅವತ್ತಿನಿಂದ ಆ ದನಿಗೆ ನೆಗಡಿಯಣ್ಣ ಅಂತಲೇ ಹೆಸರಾಯಿತು. ಅಕ್ಕ ನೆಗಡಿಯಣ್ಣನ ವೇಗ ಏರಿಸುತ್ತ ಏರಿಸುತ್ತ ಹೋದಳು. ಕೊನೆಗೆ ಅವನು ಓದುವುದು ಹೊರಗಿನವರಿಗೆ ಕಾಳು ಸುರಿದ ಸದ್ದಿನಂತೆ ಕೇಳುತ್ತಿತ್ತು, ಅಕ್ಕನಿಗೆ ಮಾತ್ರ ಅಕ್ಷರ ಅಕ್ಷರವೂ ಸ್ಪಷ್ಟ. ಎಷ್ಟೋ ಸಲ ಅವನು ಹೇಳಿ ಮುಗಿಸುವವರೆಗೂ ಕಾಯುತ್ತಿರಲಿಲ್ಲ. ಮೆನು ತೆರೆದು ಕೆಳಗೆ, ಕೆಳಗೆ, ಎಂಟರ್ ಅಂತ ಬೆರಳು ಓಡಿಸುತ್ತಿದ್ದಳು. ರೆಕಾರ್ಡಿಂಗ್ ನಿಲ್ಲಿಸಲು, ಸ್ವಲ್ಪ ಹಿಂದಕ್ಕೆ ಹೋಗಲು, ಪೂರ್ತಿ ಮೊದಲಿಗೆ ಹೋಗಲು ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಒಂದೊಂದು ಕೀ ಗೊತ್ತುಮಾಡಿಕೊಂಡಳು. ಅಲ್ಲಿಗೆ ಕೆಲಸ ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ತಿರುಪುಳಿ ಮಾರನೆಯ ಸಂಜೆ ಮತ್ತೆ ಬಂದ. ಅದರ ಮಾರನೆಯ ಸಂಜೆಯೂ ಬಂದ. ಲಿಫ್ಟಿನ ಮೇಲೆ ಕೂತು ಗ್ರೀಸ್ ಹಚ್ಚುವಾಗಲೂ ಅವನ ತಲೆಯಲ್ಲಿ ಅದೇ. ಪರದೆಯ ಮೇಲಿನ ಕಿಟಕಿಗಳ ಮೂಲೆ ಗುಂಡಗಿದ್ದರೆ ಹೇಗೆ? ಕೆಳಗಿನ ಪಟ್ಟಿ ಎಡಕ್ಕೆ ಬಂದರೆ ಹೇಗೆ? ಗಾಜಿನ ಹಾಗೆ ಹಿಂದಿನದು ಕಾಣಿಸಿದರೆ? ಹೊಟ್ಟೆಗೆ ಬಿದ್ದದ್ದು ಏನು ಅಂತ ಹೆಂಡತಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಒಂದು ಸಂಜೆ ಎರಡು ಗಂಟೆ ಕೂತು ಹೊಸ ಹಿನ್ನೆಲೆ ಚಿತ್ರ ಹಾಕಿ, ಐಕಾನುಗಳನ್ನೆಲ್ಲ ಅದಕ್ಕೆ ಒಪ್ಪುವ ಬಣ್ಣಕ್ಕೆ ತಿರುಗಿಸಿ, ಹಿಂದೆ ಸರಿದು ನಿಂತು ನಿಟ್ಟುಸಿರು ಬಿಟ್ಟ.

"ಏನಾಯ್ತೋ?"

"ಅಕ್ಕ, ಎಷ್ಟು ಚೆನ್ನಾಗಿದೆ ಗೊತ್ತಾ! ಬೆಟ್ಟ, ಕೆಳಗೊಂದು ಸರೋವರ. ನೀರಲ್ಲಿ ಬೆಟ್ಟದ ನೆರಳು."

"ಹೌದಾ? ನಾನು ಪರದೆ ಸ್ವಿಚ್ಚೇ ಹಾಕಲ್ಲ ಕಣೋ, ಸುಮ್ನೆ ಕರೆಂಟು ದಂಡ. ನೀನು ಬಂದಾಗ ಹಾಕ್ತೀಯ, ಹೋಗುವಾಗ ನಾನು ಆರಿಸ್ತೀನಿ."

ಯಾವ ಮನುಷ್ಯನಿಗಾದರೂ ಅಲ್ಲಿಗೆ ಬುದ್ಧಿ ಬರಬೇಕಿತ್ತು. ಅವನೂ ಹಲ್ಲು ಕಿರಿದು ತಲೆ ಕೆರೆದುಕೊಂಡ, ನಿಜ. ಆದರೆ ಆ ನಗು ಆರುವ ಮೊದಲೇ, ಚಿತ್ರ ಬೇಡವಾದರೆ ಕೆಲಸಕ್ಕೆ ಬರುವಂಥದ್ದು ಏನಾದರೂ ಮಾಡೋಣ ಅನ್ನುವ ಹೊಸ ಹುಳು ತಲೆಗೆ ಹೊಕ್ಕಿತು. ಇದು ಮೊದಲಿನದಕ್ಕಿಂತ ಅಪಾಯದ್ದು. ಅಕ್ಕನಿಗೆ ಅನುಕೂಲವಾಗಲಿ ಅಂತ ನೆಗಡಿಯಣ್ಣನನ್ನು ತೆಗೆದು ಇಂಪಾದ ಹೆಣ್ಣುದನಿ ಹಾಕಿದ. ಅದು ಅಕ್ಕನ ವೇಗಕ್ಕೆ ಓದಲಾರದೆ ತೊದಲಿತು. ಅಕ್ಕನಿಗೆ ಸುಲಭವಾಗಲಿ ಅಂತ ಬೇಕಾದದ್ದನ್ನೆಲ್ಲ ಮೆನುವಿನ ತುದಿಗೆ ತಂದ. ಮಾರನೆಯ ಬೆಳಿಗ್ಗೆ ಅಕ್ಕ ಕೆಳಗೆ, ಕೆಳಗೆ, ಎಂಟರ್ ಒತ್ತಿದರೆ ಯಾವುದೋ ಇಸ್ಪೀಟಿನ ಆಟ ತೆರೆದುಕೊಂಡಿತು.

"ನಿನ್ನ ಕೈ ಮುರಿಯಾ!" ಅಂತ ಬೈದಳು. "ಪರೀಕ್ಷೆ ಹತ್ರ ಬಂತು. ಇನ್ನು ಇದನ್ನ ಮುಟ್ಟಬೇಡ."

"ಮುಟ್ಟಲ್ಲ ಅಕ್ಕ, ನಿನ್ನಾಣೆ."

ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟ. ಆಣೆಯೂ ಸುಳ್ಳಾಗಿರಲಿಲ್ಲ, ಇಡುವ ಹೊತ್ತಿನಲ್ಲಿ ಅದು ನಿಜವೇ. ಅವಳ ಮನೆಯ ಕುರ್ಚಿಯನ್ನು ಅವನು ಒಂದು ಗೇಣು ಸರಿಸಿದವನಲ್ಲ. ಆ ಪೆಟ್ಟಿಗೆಯೊಳಗೂ ಅಕ್ಕ ತಡಕಾಡದೆ ನಡೆಯುವ ಒಂದು ಮನೆ ಇದೆ, ಅಲ್ಲಿಯೂ ಕುರ್ಚಿ ಮೇಜುಗಳಿವೆ ಅಂತ ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಪರೀಕ್ಷೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಏಜೆನ್ಸಿಯ ಮೇಡಂ ಫೋನ್ ಮಾಡಿ ನಿಯಮಗಳನ್ನು ಹೇಳಿದಾಗ ತಿರುಪುಳಿಯೂ ಪಕ್ಕದಲ್ಲೇ ಇದ್ದ. "ಟೈಪ್ ಮಾಡೋದು ನಮ್ಮ ಪುಟದಲ್ಲೇ ಮೇಡಂ. ಎಲ್ಲ ಮುಗಿದ ಮೇಲೆ ಕಳಿಸಿ ಅಂತ ಒತ್ತಬೇಕು. ಅದಕ್ಕೆ ಮೊದಲು ಪುಟ ಮುಚ್ಚಿಹೋದ್ರೆ ಮತ್ತೆ ತೆರೆಯಲ್ಲ, ಟೈಪ್ ಮಾಡಿದ್ದೂ ಉಳಿಯಲ್ಲ. ಮೈಕ್ ಆನ್ ಇರ್ಬೇಕು. ರೂಮಲ್ಲಿ ಇನ್ನೊಬ್ರ ದನಿ ಕೇಳಿಸಿದ್ರೆ ಟೆಸ್ಟ್ ರದ್ದು." ಅಕ್ಕ ಎಲ್ಲದಕ್ಕೂ ಹೂಂಗುಟ್ಟಿದಳು. ಫೋನ್ ಇಟ್ಟ ಮೇಲೆ ಅಂಗೈಯ ಬೆವರನ್ನು ಸೀರೆಗೆ ಒರೆಸಿಕೊಂಡಳು.

ಶನಿವಾರ ಅಭ್ಯಾಸ ಮಾಡುವಾಗ ರೆಕಾರ್ಡಿಂಗ್ ಓಡಿಸುವ ಪ್ರೋಗ್ರಾಮು ಒಮ್ಮೆ ಸಿಕ್ಕಿಕೊಂಡು ಅಲ್ಲಾಡದೆ ನಿಂತುಬಿಟ್ಟಿತು. ಯಂತ್ರವನ್ನು ಆರಿಸಿ ಹೊತ್ತಿಸಿದ ಮೇಲೆ ಸರಿಯಾಯಿತು. ಅಕ್ಕ ಅದನ್ನು ಮಾತಿಗೆ ಮಾತು ಬಂದಾಗ ಹೇಳಿದಳು, ತಮ್ಮ ಕೇಳಿಸಿಕೊಂಡ, ಕೆಟ್ಟಿತು. ಆ ರಾತ್ರಿ ಅವನು ಮಗ್ಗುಲು ಬದಲಾಯಿಸಿದ್ದೇ ಬದಲಾಯಿಸಿದ್ದು. ಪರೀಕ್ಷೆಯ ನಡುವೆ ಹಾಗಾದರೆ? ಲಿಫ್ಟಿನಲ್ಲಾದರೆ ಕೆಂಪು ಗುಂಡಿ ಇರುತ್ತದೆ, ಏನೇ ಎಡವಟ್ಟಾದರೂ ಒತ್ತಿದರೆ ಎಲ್ಲ ನಿಲ್ಲುತ್ತದೆ. ಕಂಪ್ಯೂಟರಿಗೂ ಅಂಥದ್ದೊಂದು ಬೇಡವೇ? ಭಾನುವಾರ ಸಂಜೆ ಅಕ್ಕ ಪಕ್ಕದ ಮನೆಯ ಬಾಣಂತಿಯನ್ನು ಮಾತಾಡಿಸಲು ಹೋಗಿದ್ದಾಗ ಅವನು ಕುರ್ಚಿ ಎಳೆದುಕೊಂಡು ಕೂತ. ಮುಂದಿರುವ ಪ್ರೋಗ್ರಾಮನ್ನು ಹೇಳದೆ ಕೇಳದೆ ಮುಚ್ಚಿಬಿಡುವ ಒಂದು ಕೀ. ಯಾವುದಕ್ಕೆ ಕೊಡುವುದು? ಎಫ್-ನೈನ್. ಮೇಲಿನ ಸಾಲಿನಲ್ಲಿ ಅದರ ಎಡಕ್ಕೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ಬೆರಳಿಗೆ ಥಟ್ಟನೆ ಸಿಗುತ್ತದೆ. ಅಲ್ಲಿ ಆಗಲೇ 'ಪೂರ್ತಿ ಮೊದಲಿಗೆ' ಅನ್ನುವುದಿತ್ತು. ಅದನ್ನು ಅಕ್ಕ ಒತ್ತಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಬಳಸದ್ದು ಅಂದುಕೊಂಡು ಪಕ್ಕದ ಕೀಗೆ ತಳ್ಳಿದ.

ಬೆರಳಿಗೆ ಥಟ್ಟನೆ ಸಿಗುತ್ತದೆ ಅಂತಲೇ ಅಕ್ಕ ಆ ಕೀಯನ್ನು ಆರಿಸಿಕೊಂಡಿದ್ದು ಅವನಿಗೆ ಗೊತ್ತಿರಲಿಲ್ಲ. ಒತ್ತುವುದು ಒಂದೇ ಸಲ, ಅದೂ ಎಲ್ಲ ಟೈಪ್ ಮಾಡಿ ಮುಗಿದ ಮೇಲೆ. ಮೊದಲಿನಿಂದ ಇನ್ನೊಮ್ಮೆ ಕೇಳುತ್ತ ತಪ್ಪು ತಿದ್ದಲು.

ಅಕ್ಕ ಬರುವವರೆಗೂ ಕಾದ, ಬರಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಅಂತ ಎದ್ದ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಫೋನ್ ಬಂತು. ಆಫೀಸುಗಳ ಕಟ್ಟಡವೊಂದರಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ತಿರುಪುಳಿ ಬಾಯಿ ಮುಕ್ಕಳಿಸಿದ್ದೂ ಇಲ್ಲ, ಹಾಗೇ ಸ್ಕೂಟರ್ ಹತ್ತಿದ.

ಒಳಗಿದ್ದವರು ಆ ಕಟ್ಟಡದ ಹಿರಿಯ ವಕೀಲರು. ಬಾಗಿಲಿನ ಸಂದಿಯಿಂದ ಅವರ ಬೈಗುಳ ಮೂರು ಮಹಡಿಗೂ ಕೇಳುತ್ತಿತ್ತು. ತಿರುಪುಳಿ ತಾರಸಿಗೆ ಓಡಿ, ಯಂತ್ರದ ಕೋಣೆಯಲ್ಲಿ ನೋಡಿ, ಕೆಳಗೆ ಬಂದು, ಮತ್ತೆ ಮೇಲೆ ಹೋಗಿ ಕೊನೆಗೆ ಬಾಗಿಲೊಂದರ ಸ್ವಿಚ್ಚಿನಲ್ಲಿ ಕೂತಿದ್ದ ಕೊಳೆ ತೆಗೆದ. ಈಗ ಲಿಫ್ಟು ಓಡಬೇಕಿತ್ತು, ಓಡಲಿಲ್ಲ. ಬಾಗಿಲಿಗೆ ಬಾಯಿಟ್ಟು ಕೂಗಿದ: "ಸಾರ್, ಕೆಂಪು ಗುಂಡಿ ಏನಾದ್ರೂ ಒತ್ತಿದೀರಾ?"

"ನಂಗೇನ್ರೀ ಗೊತ್ತು! ದೀಪ ಹೋಗಿದೆ, ಕತ್ತಲೆ! ದಿನಾ ಒತ್ತೋ ಜಾಗದಲ್ಲೇ ಒತ್ತಿದೀನಿ!"

"ದಯವಿಟ್ಟು ಏನೂ ಮುಟ್ಟಬೇಡಿ ಸಾರ್, ಕೆಂಪು ಗುಂಡಿ ಒತ್ತಿದ್ರೆ ಎಲ್ಲ ನಿಂತೋಗತ್ತೆ..."

ಮಾತು ಅವನ ಬಾಯಲ್ಲೇ ನಿಂತಿತು. ಕತ್ತಲೆ, ದಿನಾ ಒತ್ತೋ ಜಾಗ, ಕೆಂಪು ಗುಂಡಿ. ಅಕ್ಕ ಕತ್ತಲಲ್ಲಿ ಒತ್ತುವ ಜಾಗದಲ್ಲಿ ತಾನೂ ಒಂದು ಕೆಂಪು ಗುಂಡಿ ಇಟ್ಟು ಬಂದಿದ್ದ. ಗಡಿಯಾರ ನೋಡಿದ, ಹತ್ತು ಆಗಿಹೋಗಿತ್ತು. ಅಕ್ಕನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಸ್ವಿಚ್ ಆಫ್ ಆದ ಫೋನಿಗೆ ಎಷ್ಟು ಸಲ ಮಾಡಿದರೂ ಅಷ್ಟೇ ಅಂತ ತಿಳಿಯದವನೇನಲ್ಲ, ಆದರೂ ಮಾಡಿದ. ವಕೀಲರನ್ನು ಒಳಗೆ ಬಿಟ್ಟು ಓಡುವ ಹಾಗಿಲ್ಲ. ಹೊರಗಿನಿಂದ ಹೇಳಿಕೊಟ್ಟಂತೆ ಅವರು ತಡಕಿ ತಡಕಿ ಕೆಂಪು ಗುಂಡಿಯನ್ನು ಬಿಡಿಸುವಷ್ಟರಲ್ಲಿ ಇವನು ಬಾಗಿಲ ಮುಂದೆ ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಕುಣಿಯುತ್ತಿದ್ದ. ಲಿಫ್ಟು ಬಂದು ನಿಂತಿತು. ವಕೀಲರು ಹೊರಗೆ ಕಾಲಿಟ್ಟು ಬಯ್ಯಲು ಬಾಯಿ ತೆರೆದರೆ ಬೈಸಿಕೊಳ್ಳಬೇಕಾದವನು ಆಗಲೇ ಮೆಟ್ಟಿಲಿಳಿದು ಹೋಗಿದ್ದ.

ಊರಿನ ಸಿಗ್ನಲ್ಲುಗಳೆಲ್ಲ ಅವತ್ತು ಅವನ ಮೇಲೆ ಹಗೆ ಸಾಧಿಸಿದವು. ಒಂದೊಂದು ಕೆಂಪು ದೀಪದ ಮುಂದೆಯೂ ಅವನಿಗೆ ಎಫ್-ನೈನ್ ಕಾಣಿಸುತ್ತಿತ್ತು. ಏನು ಮಾಡಿಬಿಟ್ಟೆ, ಏನು ಮಾಡಿಬಿಟ್ಟೆ ಅಂತ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ ಅಂದುಕೊಂಡ. ಇಷ್ಟು ವರ್ಷ ಬಿಚ್ಚಿದ ಮಿಕ್ಸರು, ತಿರುಗಿಸಿದ ಬಾಗಿಲು ಎಲ್ಲ ಸೇರಿದರೂ ಇವತ್ತಿನ ಭಯದ ಕಾಲು ಭಾಗ ಆಗುತ್ತಿರಲಿಲ್ಲ. ಚಿಕ್ಕಕ್ಕನ ಮನೆಯ ಆ ಖಾಲಿ ರೂಮು, ಅದರಲ್ಲೊಂದು ಮಂಚ, ಮಂಚದ ಮೇಲೆ ಕೈಕಟ್ಟಿ ಕೂತ ದೊಡ್ಡಕ್ಕ. ಅವನ ಕಣ್ಣು ತುಂಬಿಬಂತು.

ಅಕ್ಕನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ತಳ್ಳಲು ಹೋದವನು ತಡೆದು ನಿಂತ. ಒಳಗಿನಿಂದ ಕೀಬೋರ್ಡಿನ ಸದ್ದು ಬರುತ್ತಿತ್ತು. ಸರಾಗವಾಗಿ, ನಿಲ್ಲದೆ. ಹಾಗಾದರೆ ಇನ್ನೂ ಒತ್ತಿಲ್ಲ!

"ಅಕ್ಕ" ಅಂತ ನಾಲಿಗೆಯ ತುದಿಗೆ ಬಂದಿತ್ತು, ಬಾಯಿಗೆ ತಾನೇ ಕೈ ಅಡ್ಡ ಹಿಡಿದ. ಮೈಕ್ ಆನ್ ಇದೆ. ಮಾತಾಡಿದರೆ ಪರೀಕ್ಷೆ ರದ್ದು, ಮಾತಾಡದಿದ್ದರೆ ಪುಟ ಮುಚ್ಚುತ್ತದೆ. ಸನ್ನೆ ಮಾಡಿ ತೋರಿಸೋಣವೆಂದರೆ ಯಾರಿಗೆ? ಭುಜ ಮುಟ್ಟಿದರೆ ಕಿರುಚಿಕೊಂಡಾಳು. ಕೀ ಬದಲಾಯಿಸೋಣವೆಂದರೆ ಅದಕ್ಕೆ ಅದೇ ಕೀಬೋರ್ಡು ಬೇಕು. ತಂತಿ ಕೀಳೋಣ, ಫ್ಯೂಸ್ ತೆಗೆಯೋಣ ಅಂತ ಒಂದರ ಹಿಂದೊಂದು ಉಪಾಯ ಹೊಳೆಯಿತು, ಒಂದೊಂದೂ ಮೊದಲಿನದಕ್ಕಿಂತ ಅಡ್ನಾಡಿ. ಕೈ ಎಂದಿನಂತೆ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು. ಅದನ್ನು ತೆಗೆದು ಹೊಸ್ತಿಲ ಹೊರಗೆ ಇಟ್ಟ. ಚಪ್ಪಲಿ ಬಿಟ್ಟ. ಉಸಿರು ಹಿಡಿದು ಒಳಗೆ ಹೆಜ್ಜೆಯಿಟ್ಟ.

ಆ ಕೋಣೆಯಲ್ಲಿ ಎಡವಲು ಏನೂ ಇರಲಿಲ್ಲ, ಎಲ್ಲವೂ ಅದರದರ ಜಾಗದಲ್ಲಿತ್ತು. ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕತ್ತು ಸ್ವಲ್ಪ ಓರೆ ಮಾಡಿಕೊಂಡು ಟೈಪ್ ಮಾಡುತ್ತಿದ್ದಳು. ಪರದೆ ಆರಿತ್ತು. ತಿರುಪುಳಿ ಮೇಜಿನ ಪಕ್ಕಕ್ಕೆ ಬಂದ, ಬಾಗಿದ, ಕೈ ಚಾಚಿ ಬಲಗೈಯ ತೋರುಬೆರಳನ್ನು ಎಫ್-ನೈನ್ ಕೀಗೆ ತಾಗದಷ್ಟು ಎತ್ತರದಲ್ಲಿ, ಅದನ್ನು ಪೂರ್ತಿ ಮುಚ್ಚುವ ಹಾಗೆ ಅಡ್ಡ ಹಿಡಿದ. ಸ್ವಲ್ಪ ತಗ್ಗಿದರೂ ತಾನೇ ಒತ್ತಿಬಿಡುತ್ತಾನೆ. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿದ.

ಅಕ್ಕನ ಬೆರಳು ಅರೆಗಳಿಗೆ ನಿಂತಿತು. ಮೂಗು ಅರಳಿತು. ಗ್ರೀಸಿನ ವಾಸನೆ ಆ ಮನೆಗೆ ಬರುತ್ತಿದ್ದುದು ಒಬ್ಬನಿಂದ ಮಾತ್ರ. ಅವಳು ಮತ್ತೆ ಟೈಪ್ ಮಾಡತೊಡಗಿದಳು. ಆದರೆ ಕೆನ್ನೆಯ ನರ ಬಿಗಿದದ್ದು ಅವನಿಗೆ ಕಾಣಿಸಿತು.

ಎಷ್ಟು ಹೊತ್ತು ಹಾಗೆ ನಿಂತನೋ. ಸೊಂಟ ಸೆಳೆಯಿತು, ತೊಡೆ ನಡುಗಿತು. ಹಣೆಯಿಂದ ಇಳಿದ ಬೆವರು ಮೂಗಿನ ತುದಿಯಲ್ಲಿ ತೂಗಾಡಿತು, ಒರೆಸುವ ಹಾಗಿಲ್ಲ. ಎಲ್ಲಿದ್ದಿತೋ ಒಂದು ನೊಣ, ಬಂದು ಅವನ ಕಿವಿಯ ಮೇಲೆ ಕೂತು ಕಾಲು ಉಜ್ಜಿತು. ಮೈಯ ಒಂದೊಂದು ಕೂದಲೂ ಅಲ್ಲಾಡು, ಅಲ್ಲಾಡು ಅನ್ನುತ್ತಿತ್ತು. ಮದುವೆಯ ಫೋಟೋಗೂ ನಿಲ್ಲದ ಕೈ ಅದು. ಅವತ್ತು ನಿಂತಿತು.

ಟೈಪಿಂಗ್ ನಿಂತಿತು. ಅಕ್ಕ ನೆಟ್ಟಗೆ ಕೂತು ಬೆರಳು ನೀವಿಕೊಂಡಳು. ಅವಳ ಬಲಗೈ ಮೇಲೆದ್ದು, ಅಂಕೆಗಳ ಸಾಲನ್ನು ದಾಟಿ, ಬಿಟ್ಟ ಜಾಗವನ್ನು ತಡಕಿ, ಕೀ ಇರಬೇಕಾದಲ್ಲಿ ಇಳಿಯಿತು. ಕೀ ಸಿಗಲಿಲ್ಲ, ತಮ್ಮನ ಬೆರಳಿನ ಗಿಣ್ಣು ಸಿಕ್ಕಿತು. ಆ ಬೆರಳ ಮೇಲೊಂದು ಹಳೆಯ ಸುಟ್ಟ ಕಲೆ ಇದೆ. ಅವಳು ಅದನ್ನು ಒಮ್ಮೆ ಸವರಿದಳು. ಅವನು ಬೆರಳು ತೆಗೆಯಲಿಲ್ಲ. ತಲೆ ಅಲ್ಲಾಡಿಸಿದ, ಬೇಡ, ಬೇಡ ಅಂತ, ನೋಡುವವರು ಯಾರೂ ಇಲ್ಲದಿದ್ದರೂ.

ಮೊದಲಿನಿಂದ ಕೇಳಿ ತಿದ್ದಬೇಕಾದದ್ದು ಎಲ್ಲೆಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ತಮ್ಮ ಇನ್ನು ಯಾವ ಯಾವ ಕೀ ಮುಟ್ಟಿದ್ದಾನೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಕೊನೆಗೆ ಉದ್ದ ಉಸಿರು ಬಿಟ್ಟು ಕೈ ಹಿಂದಕ್ಕೆಳೆದು, ತಿದ್ದದೆಯೇ, ಕಳಿಸುವ ಗುಂಡಿಗೆ ಹೋಗಿ ಎಂಟರ್ ಒತ್ತಿದಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು, ಮೈಕಿನ ತಂತಿ ಕಿತ್ತಳು.

"ಹೇಳು. ಏನ್ ಮಾಡಿಟ್ಟಿದೀಯ ಈ ಕೀಗೆ?"

ಹೇಳಿದ. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನೀನು ಲಿಫ್ಟಿನ ಮೂರನೇ ಮಹಡಿ ಗುಂಡೀನ ಒಂದಿನ ಮೇಲೆ, ಒಂದಿನ ಕೆಳಗೆ ಹಾಕ್ತೀಯೇನೋ?"

"ಇಲ್ಲ ಅಕ್ಕ."

"ಯಾಕೆ?"

"ಜನ... ನೋಡದೇನೇ ಒತ್ತತಾರೆ."

"ನಾನು?"

ಅವನು ನೆಲದ ಮೇಲೆ ಕೂತು ಅತ್ತುಬಿಟ್ಟ. ನಲವತ್ತು ದಾಟಿದ ಗಂಡಸು, ಕೈತುಂಬ ಗ್ರೀಸು. ಒರೆಸಿಕೊಂಡಲ್ಲೆಲ್ಲ ಮುಖ ಕಪ್ಪಾಯಿತು. ಅಕ್ಕನಿಗೆ ಅದು ಕಾಣಲಿಲ್ಲವಾದರೂ ಅವನು ಎದ್ದಾಗ ಟವೆಲ್ಲನ್ನು ಅದಿರುವ ಮೊಳೆಯಿಂದ ತೆಗೆದು ಅವನ ಕಡೆ ಎಸೆದಳು. ಅವತ್ತು ಯಾವ ಕೆಲಸಕ್ಕೆ ಯಾವ ಕೀ ಅಂತ ಅವಳು ಹೇಳಿದಳು, ಅವನು ಹಾಕಿದ. ಎಲ್ಲ ಅವಳು ಹೇಳಿದ ಜಾಗಕ್ಕೆ ಬಂದ ಮೇಲೆ ಅವನನ್ನು ಹೊರಗೆ ಕಳಿಸಿ ಪಾಸ್‌ವರ್ಡ್ ಬದಲಾಯಿಸಿದಳು.

ಏಜೆನ್ಸಿಯಿಂದ ಫೋನ್ ಬರುವವರೆಗಿನ ದಿನಗಳನ್ನು ತಿರುಪುಳಿ ಹೇಗೆ ಕಳೆದ ಅನ್ನುವುದನ್ನು ಅವನ ಹೆಂಡತಿಯನ್ನು ಕೇಳಬೇಕು. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ, ಆದರೆ ಏನನ್ನೂ ಬಿಚ್ಚಲಿಲ್ಲ. ಅದನ್ನು ಕಂಡು ಆಕೆಗೆ ಹೆದರಿಕೆಯೇ ಆಯಿತು. ಕೊನೆಗೂ ಫೋನ್ ಬಂತು. ಮೇಡಂ ಹೇಳಿದ್ದು ಇಷ್ಟು: ವೇಗ ಚೆನ್ನಾಗಿದೆ, ಕಷ್ಟದ ಪದಗಳೆಲ್ಲ ಸರಿಯಾಗಿವೆ, ಆದರೆ ಸಣ್ಣಪುಟ್ಟ ತಪ್ಪುಗಳು ಉಳಿದಿವೆ. ಕಳಿಸೋಕೆ ಮುಂಚೆ ಇನ್ನೊಂದ್ಸಲ ಕೇಳೋದನ್ನ ಮರೀಬೇಡಿ ಮೇಡಂ. ಮೂರು ತಿಂಗಳು ನೋಡೋಣ, ಆಮೇಲೆ ಕಾಯಂ ಮಾಡ್ತೀವಿ.

"ಮರೆಯಲ್ಲ" ಅಂದಳು ಅಕ್ಕ, ತಮ್ಮನ ಕಡೆ ಮುಖ ತಿರುಗಿಸಿ.

ಅವತ್ತೇ ಚಿಕ್ಕಕ್ಕನಿಗೆ ಫೋನ್ ಮಾಡಿ, ಆ ರೂಮಿಗೆ ಬೇಕಾದರೆ ಅಕ್ಕಿ ಮೂಟೆ ಹಾಕಿಕೋ ಅಂತ ಹೇಳಿದಳು. ನಕ್ಕಳು ಕೂಡ. ಆಮೇಲೆ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದಳು.

ಇನ್ನು ತಿರುಪುಳಿಯ ಕೈ. ಅದನ್ನು ಹಾಗೇ ಬಿಟ್ಟರೆ ತನ್ನ ಮನೆ ಉಳಿಯುವುದಿಲ್ಲ ಅಂತ ಹೆಂಡತಿ ಬಂದು ದೊಡ್ಡಕ್ಕನ ಹತ್ತಿರ ಅಲವತ್ತುಕೊಂಡಳು: "ಏನಾದ್ರೂ ಒಂದು ಕೊಡಿ ಅತ್ತಿಗೆ, ಮೊನ್ನೆ ಹೊಲಿಗೆ ಮಷೀನ್ ಸುತ್ತ ಸುಳಿದಾಡ್ತಿದ್ರು." ಅಕ್ಕ ಯೋಚನೆ ಮಾಡಿದಳು. ತಮ್ಮನನ್ನು ಕರೆಸಿದಳು.

"ಪರದೆ ಹಿಂದಗಡೆ ಚಿತ್ರ ಹಾಕ್ತಿದ್ಯಲ್ಲ, ಅದೊಂದನ್ನ ಮುಟ್ಟಬಹುದು ನೀನು. ದಿನಾ ಬದಲಾಯ್ಸು. ಅದ್ರಿಂದ ನಂಗೇನೂ ತೊಂದ್ರೆ ಇಲ್ಲ. ಆದ್ರೆ ಏನು ಹಾಕ್ದೆ ಅಂತ ನಂಗೆ ಸರಿಯಾಗಿ ಹೇಳ್ಬೇಕು."

ಅದರಂತೆ ಅವನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬರುತ್ತಾನೆ. ಸ್ಕೂಟರಿನ ಸದ್ದು ಕೇಳಿದ ಕೂಡಲೇ ಅಕ್ಕ ಕೈ ಚಾಚಿ ಪರದೆಯ ಸ್ವಿಚ್ಚು ಹಾಕುತ್ತಾಳೆ, ಪಾಸ್‌ವರ್ಡನ್ನು ಅವನಿಗೆ ಬೆನ್ನು ಅಡ್ಡ ಕೊಟ್ಟು ಒತ್ತುತ್ತಾಳೆ. ಅವನು ಚಿತ್ರ ಬದಲಾಯಿಸುತ್ತಾನೆ. ಮೊದಮೊದಲು "ಒಂದು ಸೇತುವೆ" ಅಂತ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಅಕ್ಕ ಬಿಡಬೇಕಲ್ಲ. ಸೇತುವೆ ಕಲ್ಲಿಂದಾ, ಕಬ್ಬಿಣದ್ದಾ? ಮೇಲೆ ಯಾರಾದ್ರೂ ಇದಾರಾ? ಬಿಸಿಲು ಯಾವ ಕಡೆಯಿಂದ ಬರ್ತಿದೆ? ಹೇಳಬೇಕಾದರೆ ನೋಡಬೇಕು, ನೋಡಬೇಕಾದರೆ ಸುಮ್ಮನೆ ನಿಲ್ಲಬೇಕು. ಹಾಗೆ ನಿಲ್ಲುವುದು ಅವನಿಗೆ ಈಗೀಗ ಒಂದಿಷ್ಟು ಅಭ್ಯಾಸವಾಗಿದೆ.

ಮೂರು ತಿಂಗಳು ಕಳೆದು ಅಕ್ಕನ ಕೆಲಸ ಕಾಯಂ ಆದ ವಾರ ಅವನು ಎಲ್ಲೆಲ್ಲೋ ಹುಡುಕಿ ಮೊದಲಿನ ಆ ಬೆಟ್ಟ-ಸರೋವರವನ್ನೇ ತಂದು ಹಾಕಿದ್ದ. ನೀರಿನಲ್ಲಿ ಬೆಟ್ಟದ ನೆರಳು ಹೇಗೆ ಮುರಿದು ಮುರಿದು ಕಾಣುತ್ತದೆ ಅಂತ ಅಕ್ಕನಿಗೆ ಬಿಡಿಸಿ ಹೇಳಿದ್ದ. ಮಾರನೆಯ ಬೆಳಿಗ್ಗೆ ಬಂದವನು ಪರದೆಯ ಮುಂದೆ ನಿಂತ, ನೋಡಿದ, ಏನನ್ನೂ ಒತ್ತಲಿಲ್ಲ.

"ಇವತ್ತೇನು ಹಾಕ್ದೆ?"

"ನಿನ್ನೇದೇ ಇರ್ಲಿ ಅಂತ ಬಿಟ್ಟೆ ಅಕ್ಕ. ಚೆನ್ನಾಗಿದೆ."

ಅಕ್ಕ ಹೆಡ್‌ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. "ಯಾಕೋ, ಮೈ ಹುಷಾರಿಲ್ವಾ?" ಅಂತ ಕೈ ಚಾಚಿ ಅವನ ಹಣೆ ಮುಟ್ಟಿ ನೋಡಿದಳು.